ಕ್ಲಿಪ್ ಹಾಕಿಸುವಾಗ ಹಲ್ಲಿನ ಒಳಗಿನ ಜೀವ ಕಾಪಾಡಿಕೊಳ್ಳುವುದು ಹೇಗೆ

ನನ್ನ ಟೇಬಲ್ಲಿನ ಡ್ರಾಯರ್‌ನಲ್ಲಿ ಒಂದು ಪುಟ್ಟ ಬಾಟಲಿ ಇದೆ. ಅದರೊಳಗೆ ಉದ್ದಕ್ಕೆ ಸೀಳಿದ ಒಂದು ಹಲ್ಲು. ಉಬ್ಬು ಹಲ್ಲು ಒಳಗೆ ತರಲು ಜಾಗ ಬೇಕಲ್ಲ, ಅದಕ್ಕಾಗಿ ತೆಗೆದ ಹಲ್ಲು ಅದು. ಕೋರೆಹಲ್ಲಿನ ಹಿಂದಿನದು. ಕ್ಲಿಪ್ ಹಾಕಿಸಲು ಬಂದವರಿಗೆಲ್ಲ ಮೊದಲು ಅದನ್ನೇ ಅಂಗೈ ಮೇಲಿಟ್ಟು ತೋರಿಸುತ್ತೇನೆ. ಹೊರಗೆ ಹೊಳೆಯುವ ಎನಾಮಲ್. ಅದರ ಒಳಗೆ ತುಸು ಹಳದಿಯ ಡೆಂಟಿನ್. ನಟ್ಟನಡುವೆ ಖಾಲಿ ಜಾಗ. ಮೇಲೆ ಅಗಲ, ಬೇರಿನ ಕಡೆ ಹೋಗುತ್ತ ಹೋಗುತ್ತ ದಾರದಷ್ಟು ಸಣ್ಣ.

ಬಾಯಲ್ಲಿರುವ ಹಲ್ಲಿನಲ್ಲಿ ಆ ಜಾಗ ಖಾಲಿ ಇರಲ್ಲ. ಅದರ ತುಂಬ ಮೆತ್ತನೆಯ ತಿರುಳು ಇರುತ್ತದೆ. ರಕ್ತನಾಳ, ನರ, ಡೆಂಟಿನ್ ಕಟ್ಟುವ ಜೀವಕೋಶ ಎಲ್ಲ ಅದರಲ್ಲೇ. ಜನ 'ಹಲ್ಲಿನ ನರ' ಅನ್ನುವುದು ಇದಕ್ಕೇ. ಬೇರಿನ ತುದಿಯಲ್ಲಿ ಒಂದು ಸಣ್ಣ ತೂತು. ದೊಡ್ಡವರ ಹಲ್ಲಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ. ತಿರುಳಿಗೆ ರಕ್ತ ಬರುವುದೂ ಹೋಗುವುದೂ ಹೆಚ್ಚುಕಡಿಮೆ ಆ ಒಂದೇ ಬಾಗಿಲಿನಿಂದ. ಸುತ್ತ ಗಟ್ಟಿ ಗೋಡೆ. ಕೈಗೆ ಪೆಟ್ಟು ಬಿದ್ದರೆ ಊದಿಕೊಳ್ಳಲು ಜಾಗ ಇದೆ, ತಿರುಳಿಗೆ ಆ ಜಾಗವೇ ಇಲ್ಲ. ಇದಿಷ್ಟು ಮನಸ್ಸಿನಲ್ಲಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಶಿವಮೊಗ್ಗದಲ್ಲಿ ವಕ್ರ ಹಲ್ಲು ಸರಿಮಾಡುವ ಈ ಕೆಲಸ ಶುರುಮಾಡಿ ನನಗೆ 16 ವರ್ಷ ಆಯಿತು. ವಾರಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: "ಮೇಡಂ, ಕ್ಲಿಪ್ ಹಾಕಿದ್ರೆ ಹಲ್ಲಿನ ನರ ಸತ್ತೋಗುತ್ತಂತೆ, ಹೌದಾ?" ಆರೋಗ್ಯವಾಗಿರುವ ಹಲ್ಲಿಗೆ, ಹದವಾದ ಒತ್ತಡ ಹಾಕಿದರೆ, ತಿರುಳು ಸಾಯುವುದು ತುಂಬ ಅಪರೂಪ. ಸ್ವಲ್ಪ ದಿನ ತೊಂದರೆ ಪಡುತ್ತದೆ, ಆಮೇಲೆ ಸುಧಾರಿಸಿಕೊಳ್ಳುತ್ತದೆ. ಆದರೆ ಹಿಂದೆ ಪೆಟ್ಟು ತಿಂದ ಹಲ್ಲು, ಆಳವಾಗಿ ಹುಳುಕಾಗಿ ಸಿಮೆಂಟ್ ತುಂಬಿಸಿದ ಹಲ್ಲು, ಇವುಗಳ ವಿಷಯ ಬೇರೆ. ಅವಕ್ಕೆ ಸುಧಾರಿಸಿಕೊಳ್ಳುವ ಶಕ್ತಿ ಮೊದಲೇ ಅರ್ಧ ಖರ್ಚಾಗಿರುತ್ತದೆ. ಅಂಥ ಹಲ್ಲು ಯಾವುದು ಅಂತ ಮೊದಲೇ ಗೊತ್ತಿದ್ದರೆ ನಾವು ಮಾಡುವ ಕೆಲಸವೇ ಬೇರೆ ಆಗುತ್ತದೆ. ಇದನ್ನು ಬರೆಯಲು ಕೂತಿದ್ದೂ ಅದಕ್ಕೇ.

ತಂತಿ ಎಳೆದಾಗ ಒಳಗೆ ಏನಾಗುತ್ತದೆ

ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಒಂದು ನಾರಿನ ಪದರ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ತಳ್ಳಿದಾಗ ಆ ಕಡೆಯ ನಾರು ಒತ್ತಿಕೊಳ್ಳುತ್ತದೆ, ಅಲ್ಲಿ ಮೂಳೆ ನಿಧಾನವಾಗಿ ಕರಗುತ್ತದೆ. ಇನ್ನೊಂದು ಕಡೆ ನಾರು ಎಳೆದುಕೊಳ್ಳುತ್ತದೆ, ಅಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿದರೆ ಒಳ್ಳೆಯ ವೇಗ ಅಂತಲೇ ಲೆಕ್ಕ.

ಹಲ್ಲು ಸರಿಯುವಾಗ ಬೇರಿನ ತುದಿಯೂ ಸರಿಯುತ್ತದೆ. ಆ ಪುಟ್ಟ ಬಾಗಿಲಿನಿಂದ ಒಳಗೆ ಹೋಗುವ ರಕ್ತನಾಳಗಳು ಸ್ವಲ್ಪ ಎಳೆದುಕೊಳ್ಳುತ್ತವೆ, ಇಲ್ಲವೇ ಒತ್ತಿಕೊಳ್ಳುತ್ತವೆ. ಹಾಗಾಗಿ ಮೊದಲ ಕೆಲವು ದಿನ ತಿರುಳಿನ ರಕ್ತ ಓಡಾಟದಲ್ಲಿ ಏರುಪೇರಾಗುತ್ತದೆ. ಡೆಂಟಿನ್ ಕಟ್ಟುವ ಜೀವಕೋಶಗಳ ಸಾಲು ಅಲ್ಲಲ್ಲಿ ಚದುರುತ್ತದೆ. ಸಣ್ಣ ಮಟ್ಟದ ಉರಿಯೂತವೂ ಆಗುತ್ತದೆ. ಒತ್ತಡ ಹಗುರವಾಗಿದ್ದರೆ ಕೆಲವು ವಾರಗಳಲ್ಲಿ ಇದೆಲ್ಲ ತಾನಾಗಿ ಸರಿಹೋಗುತ್ತದೆ. ಕೆಲವು ಹಲ್ಲುಗಳಲ್ಲಿ ಮಾತ್ರ ತಿರುಳು ತನ್ನ ಸುತ್ತ ಜಾಸ್ತಿ ಡೆಂಟಿನ್ ಕಟ್ಟಿಕೊಳ್ಳುತ್ತದೆ. ವರ್ಷಗಳು ಕಳೆದ ಮೇಲೆ ಎಕ್ಸ್-ರೇ ತೆಗೆದರೆ ನಡುವಿನ ಜಾಗ ಕಿರಿದಾಗಿರುವುದು ಕಾಣುತ್ತದೆ. ಅದು ರೋಗವಲ್ಲ. ಹಲ್ಲು ಬದುಕಿಯೇ ಇರುತ್ತದೆ.

ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ಹಲ್ಲು ಹುಟ್ಟಿದ ಮೇಲೆ ಎರಡು ಮೂರು ವರ್ಷ ಬೇರಿನ ತುದಿ ಅಗಲವಾಗಿ ತೆರೆದೇ ಇರುತ್ತದೆ. ಬಾಗಿಲು ದೊಡ್ಡದಾದ್ದರಿಂದ ರಕ್ತ ಚೆನ್ನಾಗಿ ಓಡಾಡುತ್ತದೆ, ತಿರುಳು ಬೇಗ ಸುಧಾರಿಸಿಕೊಳ್ಳುತ್ತದೆ. 35 ದಾಟಿದವರು ಕ್ಲಿಪ್ ಹಾಕಿಸಬಾರದು ಅಂತ ಇದರ ಅರ್ಥ ಅಲ್ಲ. ಅವರಿಗೆ ಇನ್ನೂ ಹಗುರ ಕೈಯಲ್ಲಿ ಕೆಲಸ ಮಾಡಬೇಕು, ಅಷ್ಟೇ.

ಕ್ಲಿಪ್ ಹಾಕುವ ಮುಂಚೆ: ಹಲ್ಲಿನ ಹಳೇ ಕಥೆ ಹೇಳಿ

ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ. ಆಗ ಅವನಿಗೆ 13 ವರ್ಷ. ನಾನು ಕೆಲಸ ಶುರುಮಾಡಿದ ಮೂರನೇ ವರ್ಷ ಅದು. ಕ್ಲಿಪ್ ಹಾಕಿ ಎಂಟು ತಿಂಗಳಾಗಿತ್ತು. ತಂತಿ ಬದಲಿಸಲು ಬಾಯಿ ತೆರೆಸಿದರೆ ಮೇಲಿನ ಮುಂದಿನ ಎರಡು ಹಲ್ಲುಗಳಲ್ಲಿ ಬಲಗಡೆಯದು ಪಕ್ಕದ್ದಕ್ಕಿಂತ ಮಂಕಾಗಿತ್ತು. ಬೂದಿ ನೀರಲ್ಲಿ ಅದ್ದಿದ ಹಾಗೆ. "ನೋವಿದೆಯೇನೋ?" ಅಂದೆ. ಇಲ್ಲ ಅಂದ. ಹತ್ತಿಗೆ ತಣ್ಣನೆಯ ಸ್ಪ್ರೇ ಹಾಕಿ ಪಕ್ಕದ ಹಲ್ಲಿಗೆ ಇಟ್ಟರೆ ಕುರ್ಚಿಯಲ್ಲೇ ಜಿಗಿದ. ಆ ಹಲ್ಲಿಗೆ ಇಟ್ಟರೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಕಡಲೆಬೇಳೆಯಷ್ಟು ಕಪ್ಪು ನೆರಳು.

"ಯಾವತ್ತಾದ್ರೂ ಬಿದ್ದಿದ್ನಾ?" ಅಂತ ಅವರಮ್ಮನನ್ನು ಕೇಳಿದೆ. "ಇಲ್ವಲ್ಲ ಮೇಡಂ," ಅಂದರು. ಬಾಗಿಲ ಹತ್ತಿರ ಚೀಲ ಹಿಡಿದು ಕೂತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು: "ಬಿದ್ದಿದ್ದ ಕಣೇ. ಮೂರನೇ ಕ್ಲಾಸಲ್ಲಿ, ಮಳೆಗಾಲದಲ್ಲಿ, ಜಗಲಿ ಮೆಟ್ಟಿಲ ಮೇಲೆ ಜಾರಿ. ನೀನು ತವರಿಗೆ ಹೋಗಿದ್ದೆ. ಎರಡು ದಿನ ಗಂಜಿ ಕುಡಿಸಿದ್ದು ನಾನೇ ಅಲ್ವಾ?"

ನನ್ನ ಫಾರಂನಲ್ಲಿ 'ಹಲ್ಲಿಗೆ ಹಿಂದೆ ಪೆಟ್ಟಾಗಿದೆಯೇ' ಎಂಬ ಪ್ರಶ್ನೆ ಇತ್ತು. ಅಮ್ಮ 'ಇಲ್ಲ' ಅಂತ ಗುರುತು ಹಾಕಿದ್ದರು. ಅವರಿಗೆ ಗೊತ್ತೇ ಇರಲಿಲ್ಲ. ನಾನು ಕಾಗದದಲ್ಲಿ ಕೇಳಿದ್ದೆ, ಬಾಯಿಬಿಟ್ಟು ಕೇಳಿರಲಿಲ್ಲ. ಎರಡೂ ದವಡೆ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್-ರೇ ತೆಗೆಸಿದ್ದೆ, ಮುಂದಿನ ಹಲ್ಲುಗಳ ಚಿಕ್ಕ ಎಕ್ಸ್-ರೇ ತೆಗೆಸಿರಲಿಲ್ಲ. ತಣ್ಣನೆ ಪರೀಕ್ಷೆಯನ್ನೂ ಮಾಡಿರಲಿಲ್ಲ. ತಪ್ಪು ನನ್ನದು. ಪೆಟ್ಟು ತಿಂದ ಹಲ್ಲು ಕ್ಲಿಪ್ ಇಲ್ಲದೆಯೂ ಎಷ್ಟೋ ವರ್ಷದ ಮೇಲೆ ಸಾಯುವುದುಂಟು. ಆದರೆ ಆ ಹಲ್ಲು ದುರ್ಬಲ ಅಂತ ಗೊತ್ತಿದ್ದರೆ ನಾನು ಅದನ್ನು ಎಳೆಯುತ್ತಿದ್ದ ರೀತಿಯೇ ಬೇರೆ ಇರುತ್ತಿತ್ತು. ಅವತ್ತಿನಿಂದ ನಾನು ಮನೆಯ ಹಿರಿಯರನ್ನು ಜೊತೆಗೆ ಕರೆತರಲು ಹೇಳುತ್ತೇನೆ. ಬರಲಾಗದಿದ್ದರೆ ಅಲ್ಲಿಂದಲೇ ಫೋನ್ ಮಾಡಿಸಿ ಕೇಳುತ್ತೇನೆ.

ನೀವೂ ಹಾಗೇ ಮಾಡಿ. ಮೊದಲ ಭೇಟಿಗೆ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕೂತು ನೆನಪು ಮಾಡಿಕೊಳ್ಳಿ. ಸೈಕಲ್‌ನಿಂದ ಬಿದ್ದದ್ದು, ಕ್ರಿಕೆಟ್ ಚೆಂಡು ಬಡಿದದ್ದು, ಶಾಲೆಯ ನಲ್ಲಿ ಹತ್ತಿರ ಯಾರೋ ನೂಕಿ ಬಾಯಿ ಒಡೆದದ್ದು, ಬೈಕಿನ ಟ್ಯಾಂಕಿಗೆ ಮುಖ ತಾಗಿದ್ದು. ಆಗ ರಕ್ತ ಬಂದಿತ್ತಾ? ಹಲ್ಲು ಅಲ್ಲಾಡುತ್ತಿತ್ತಾ? ಆಚೀಚೆ ಸರಿದಿತ್ತಾ? ಹಳೇ ಫೋಟೊಗಳನ್ನು ತೆಗೆದು ನೋಡಿ. ಒಂದು ವರ್ಷದ ಫೋಟೊದಲ್ಲಿ ಪೂರ್ತಿ ಇದ್ದ ಹಲ್ಲಿನ ಮೂಲೆ ಮುಂದಿನ ವರ್ಷದ ಫೋಟೊದಲ್ಲಿ ಮುರಿದಿದ್ದರೆ ಅಲ್ಲೇ ಉತ್ತರ ಇದೆ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಹಲ್ಲು ಅಂತ ಹೆಸರು ಗೊತ್ತಿಲ್ಲದಿದ್ದರೆ ಬೆರಳಿಟ್ಟು ತೋರಿಸಿದರೆ ಸಾಕು.

ಇತ್ತೀಚೆಗೆ ಪೆಟ್ಟಾಗಿದ್ದರೆ ಕಾಯಬೇಕು. ಸುಮ್ನೆ ತಾಗಿ ಸ್ವಲ್ಪ ಅಲ್ಲಾಡಿದ ಹಲ್ಲಾದರೆ ಮೂರು ತಿಂಗಳು. ಜಾಗದಿಂದ ಸರಿದಿದ್ದರೆ, ಅಥವಾ ಪೂರ್ತಿ ಕಿತ್ತು ಬಂದು ಮತ್ತೆ ಕೂರಿಸಿದ್ದರೆ ಕಡಿಮೆ ಅಂದರೂ ಆರು ತಿಂಗಳು. ಬೇರು ಮುರಿದಿದ್ದರೆ ನಾನು ಒಂದು ವರ್ಷ ಕಾಯುತ್ತೇನೆ. ಅಷ್ಟರಲ್ಲಿ ಎರಡು ಮೂರು ಸಲ ಪರೀಕ್ಷೆ ಮಾಡಿ, ತಿರುಳು ಬದುಕಿದೆ, ಬೇರು ಕರಗುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಶುರು. "ಬೇಸಿಗೆ ರಜೆ ಮುಗಿದುಹೋಗುತ್ತೆ ಮೇಡಂ" ಅನ್ನುವವರಿದ್ದಾರೆ. ಹೋಗಲಿ, ಮುಂದಿನ ರಜೆ ಬರುತ್ತದೆ.

ಇನ್ನೊಂದು ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ: "ಮುಂದಿನ ಹಲ್ಲುಗಳಿಗೆ ತಣ್ಣನೆ ಪರೀಕ್ಷೆ ಮಾಡಿ ಬರೆದಿಡುತ್ತೀರಾ?" ಇದು ಎರಡು ನಿಮಿಷದ ಕೆಲಸ. ಹತ್ತಿಯ ಉಂಡೆಗೆ ತಣ್ಣನೆ ಸ್ಪ್ರೇ ಹಾಕಿ ಒಂದೊಂದೇ ಹಲ್ಲಿಗೆ ತಾಗಿಸುವುದು. ಜುಂ ಅಂದು ಒಂದೆರಡು ಸೆಕೆಂಡಿನಲ್ಲಿ ಹೋದರೆ ತಿರುಳು ಆರೋಗ್ಯವಾಗಿದೆ. ಇದನ್ನು ಕ್ಲಿಪ್ ಹಾಕುವ ಮುಂಚೆಯೇ ಯಾಕೆ ಮಾಡಬೇಕು ಅಂದರೆ, ಕ್ಲಿಪ್ ಹಾಕಿದ ಮೇಲೆ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಸಣ್ಣ ಕರೆಂಟ್ ಹರಿಸಿ ನರ ಪರೀಕ್ಷಿಸುವ ಯಂತ್ರ ಇದೆ. ಹಲ್ಲು ಸರಿಯುತ್ತಿರುವಾಗ ಆ ಯಂತ್ರಕ್ಕೆ ಬದುಕಿರುವ ಹಲ್ಲೂ ತಡವಾಗಿ ಉತ್ತರ ಕೊಡುತ್ತದೆ, ಕೆಲವೊಮ್ಮೆ ಕೊಡುವುದೇ ಇಲ್ಲ. ಲೋಹದ ತಂತಿಯ ಮೂಲಕ ಕರೆಂಟ್ ಪಕ್ಕದ ಹಲ್ಲಿಗೂ ಹರಿಯಬಹುದು. ಹಾಗಾಗಿ ಚಿಕಿತ್ಸೆಯ ಮಧ್ಯೆ ಯಂತ್ರದ ಒಂದು ಅಂಕಿ ನೋಡಿ "ನರ ಸತ್ತಿದೆ, ರೂಟ್ ಕೆನಾಲ್ ಮಾಡಿಸಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ರೂಟ್ ಕೆನಾಲ್ ಅಂದರೆ ಒಳಗಿನ ತಿರುಳು ತೆಗೆದು ಆ ಜಾಗ ತುಂಬಿಸುವುದು. ತಣ್ಣನೆ ಪರೀಕ್ಷೆ, ಬಣ್ಣ, ಎಕ್ಸ್-ರೇ, ತಟ್ಟಿದಾಗ ನೋವು, ಇವೆಲ್ಲ ಸೇರಿ ಒಂದೇ ಮಾತು ಹೇಳಬೇಕು.

ಹುಳುಕು ಇದ್ದರೆ ಮೊದಲು ತುಂಬಿಸಿಕೊಳ್ಳಿ. ಹುಳುಕು ತಿರುಳಿನ ಹತ್ತಿರ ಹೋಗಿದ್ದರೆ ತುಂಬಿಸಿ ಕೆಲವು ವಾರ ಕಾದು, ಹಲ್ಲು ಸುಮ್ಮನಾಗಿದೆಯಾ ಅಂತ ನೋಡಿಕೊಂಡು ಮುಂದುವರಿಯುವುದು ಲೇಸು. ರೂಟ್ ಕೆನಾಲ್ ಆದ ಹಲ್ಲು ಸರಿಯುತ್ತಾ ಅಂತ ತುಂಬ ಜನ ಕೇಳುತ್ತಾರೆ. ಸರಿಯುತ್ತದೆ. ಹಲ್ಲು ಸರಿಯುವುದಕ್ಕೆ ಬೇಕಾದದ್ದು ಹೊರಗಿನ ನಾರು ಮತ್ತು ಮೂಳೆ, ಒಳಗಿನ ತಿರುಳಲ್ಲ. ರೂಟ್ ಕೆನಾಲ್ ಸರಿಯಾಗಿ ಆಗಿರಬೇಕು, ಬೇರಿನ ತುದಿಯಲ್ಲಿ ಕೀವು ಉಳಿದಿರಬಾರದು, ಅಷ್ಟು ಸಾಕು.

ಹಾಕುವ ದಿನ ಮತ್ತು ಮೊದಲ ವಾರ

ಹಾಕುವ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನಾಮಲ್ ಮೇಲೆ ಅರ್ಧ ನಿಮಿಷದ ಒಳಗೆ ಒಂದು ಆಸಿಡ್ ಜೆಲ್ ಹಚ್ಚಿ ತೊಳೆಯುತ್ತಾರೆ, ಅಂಟು ಹಾಕುತ್ತಾರೆ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಆಸಿಡ್ ಅಂದ ಕೂಡಲೇ ಹೆದರುತ್ತಾರೆ. ಅದು ಎನಾಮಲ್‌ನ ಮೇಲ್ಪದರ ದಾಟಿ ತಿರುಳಿನವರೆಗೆ ಹೋಗುವುದಿಲ್ಲ.

ನೋವು ಶುರುವಾಗುವುದು ಸಾಮಾನ್ಯವಾಗಿ ನಾಲ್ಕು ಗಂಟೆಯ ಮೇಲೆ. ಬೆಳಿಗ್ಗೆ ಹಾಕಿಸಿಕೊಂಡರೆ ಮಧ್ಯಾಹ್ನ ಊಟಕ್ಕೆ ಕೂತಾಗ ಗೊತ್ತಾಗುತ್ತದೆ. ಮರುದಿನ ಜಾಸ್ತಿ. ಐದರಿಂದ ಏಳು ದಿನದಲ್ಲಿ ಇಳಿಯುತ್ತದೆ. ಆ ವಾರ ಮೊಸರನ್ನ, ಇಡ್ಲಿ, ಗಂಜಿ, ಬಾಳೆಹಣ್ಣು. ಚಕ್ಕುಲಿ, ಕೋಡುಬಳೆ ಡಬ್ಬ ಮೇಲಿನ ಕಪಾಟಿಗೆ ಹೋಗಲಿ. ನನ್ನ ಕ್ಲಿನಿಕ್ಕಿನಲ್ಲಿ ಕ್ಲಿಪ್ ಕಿತ್ತುಹೋಗಿ ಬರುವವರು ಅತಿ ಜಾಸ್ತಿ ಇರುವುದು ಸಂಕ್ರಾಂತಿ ಮುಗಿದ ವಾರ. ಕಬ್ಬು ಸಿಗಿದದ್ದು, ಸಕ್ಕರೆ ಅಚ್ಚು ಕಡಿದದ್ದು. ಕ್ಲಿಪ್ ಪದೇಪದೇ ಕಿತ್ತುಬಂದರೆ ಹಲ್ಲು ಒಂದು ಸಲ ಮುಂದೆ, ಒಂದು ಸಲ ಹಿಂದೆ ಅಂತ ಓಲಾಡುತ್ತದೆ. ತಿರುಳಿಗೂ ಬೇರಿಗೂ ಅದು ಒಳ್ಳೆಯದಲ್ಲ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಐಬುಪ್ರೊಫೆನ್ ಥರದ ಮಾತ್ರೆಗಳು, ಹಲ್ಲು ಸರಿಯಲು ಬೇಕಾದ ಕೆಲವು ರಾಸಾಯನಿಕಗಳನ್ನೇ ತಡೆಯುತ್ತವೆ. ಒಂದೆರಡು ಮಾತ್ರೆಯಿಂದ ಏನೂ ಆಗಲ್ಲ. ವಾರಗಟ್ಟಲೆ ನುಂಗಬೇಡಿ.

ಈಗ ಮುಖ್ಯವಾದದ್ದು. ಎರಡು ಥರದ ನೋವು ಬೇರೆ ಬೇರೆ ಗುರುತಿಸಲು ಕಲಿಯಿರಿ.

ಒಂದು, ಕಚ್ಚಿದಾಗ ಬರುವ ನೋವು. ಹಲ್ಲೆಲ್ಲ ಸಡಿಲವಾದ ಹಾಗೆ, ಬದನೆಕಾಯಿ ಹೋಳು ಕಚ್ಚಿದರೂ ನೋವು. ನಾಲ್ಕೈದು ಹಲ್ಲಿಗೆ ಒಟ್ಟಿಗೆ ಇರುತ್ತದೆ. ಬಾಯಿ ಸುಮ್ಮನಿದ್ದರೆ ನೋವೂ ಸುಮ್ಮನಿರುತ್ತದೆ. ಇದು ಹೊರಗಿನ ನಾರಿನದು. ಹಲ್ಲು ಸರಿಯಲು ಶುರುವಾಗಿದೆ ಅಂತ ಅರ್ಥ. ಇದಕ್ಕೆ ಹೆದರಬೇಡಿ.

ಇನ್ನೊಂದು, ಒಂದೇ ಹಲ್ಲಿನಲ್ಲಿ ಬರುವ ನೋವು. ಬಿಸಿ ಕಾಫಿ ತಾಗಿದರೆ ಎದ್ದು ಕೂರುತ್ತದೆ, ಕಾಫಿ ಕುಡಿದು ಮುಗಿದರೂ ಹೋಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಯಾರೂ ಮುಟ್ಟದೆ ತಾನಾಗಿ ಟಪ್ ಟಪ್ ಅಂತ ಮಿಡಿಯುತ್ತದೆ. ಇದು ತಿರುಳಿನದು. ಮನೆಯಲ್ಲೇ ಹೀಗೆ ನೋಡಬಹುದು: ಒಂದು ಗುಟುಕು ತಣ್ಣೀರು ಬಾಯಿಗೆ ಹಾಕಿ ಆ ಹಲ್ಲಿನ ಹತ್ತಿರ ಇಟ್ಟು ನುಂಗಿ. ಆಮೇಲೆ ಮನಸ್ಸಿನಲ್ಲಿ ಎಣಿಸಿ. ಐದು, ಹತ್ತು ಎಣಿಸುವಷ್ಟರಲ್ಲಿ ಜುಮ್ಮೆನ್ನುವುದು ನಿಂತರೆ ತಿರುಳು ಸಿಟ್ಟಾಗಿದೆ, ಸಮಾಧಾನ ಆಗುತ್ತದೆ. ಮೂವತ್ತು ದಾಟಿದರೂ ನೋವು ಉಳಿದಿದ್ದರೆ, ಅಥವಾ ಬಿಸಿಗೆ ನೋವು ಬಂದು ತಣ್ಣೀರು ಹಿಡಿದಾಗ ಮಾತ್ರ ಹಾಯೆನಿಸಿದರೆ, ಮುಂದಿನ ತಿಂಗಳ ತಾರೀಖಿಗೆ ಕಾಯಬೇಡಿ. ಮರುದಿನವೇ ಹೋಗಿ.

ಹಾಗೆಯೇ, ಚೆನ್ನಾಗಿ ನೋಯುತ್ತಿದ್ದ ಒಂದು ಹಲ್ಲು ಇದ್ದಕ್ಕಿದ್ದಂತೆ ಪೂರ್ತಿ ತಣ್ಣಗಾದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ತಿರುಳು ಸತ್ತರೂ ನೋವು ನಿಲ್ಲುತ್ತದೆ.

ಪ್ರತಿ ತಿಂಗಳು

"ಬೇಗ ಮುಗಿಸಿ ಮೇಡಂ, ಡಿಸೆಂಬರ್‌ನಲ್ಲಿ ಮದುವೆ ಇದೆ." ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜೋರಾಗಿ ಎಳೆದರೆ ಹಲ್ಲು ಬೇಗ ಸರಿಯಲ್ಲ. ಅತಿಯಾಗಿ ಒತ್ತಿದ ಜಾಗದಲ್ಲಿ ನಾರಿನೊಳಗಿನ ರಕ್ತ ಓಡಾಟವೇ ನಿಂತು, ಹಲ್ಲು ವಾರಗಟ್ಟಲೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ನೋವು ಜಾಸ್ತಿ, ಲಾಭ ಇಲ್ಲ. ಷ್ವಾರ್ಟ್ಸ್ ಎಂಬುವರು 1932ರಲ್ಲೇ ಹೇಳಿದ್ದರು, ಒತ್ತಡ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡವನ್ನು ದಾಟಬಾರದು ಅಂತ. ಅದು ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 20ರಿಂದ 25 ಗ್ರಾಂ. ನಮ್ಮ ಕೆಲಸದ ಬುಡದಲ್ಲಿ ಇವತ್ತಿಗೂ ಇರುವುದು ಇದೇ ವಿಚಾರ.

ಹಲ್ಲನ್ನು ಸುಮ್ಮನೆ ವಾಲಿಸಲು 35ರಿಂದ 60 ಗ್ರಾಂ ಸಾಕು. ಬೇರಿನ ಸಮೇತ ನೇರವಾಗಿ ಸರಿಸಲು 70ರಿಂದ 120. ಹಲ್ಲನ್ನು ಮೂಳೆಯೊಳಕ್ಕೆ ಒತ್ತಬೇಕಾದರೆ ಬರೀ 10ರಿಂದ 20 ಗ್ರಾಂ. ಎರಡು ಹತ್ತು ರೂಪಾಯಿ ನಾಣ್ಯ ಅಂಗೈ ಮೇಲೆ ಇಟ್ಟುಕೊಳ್ಳಿ. ಸುಮಾರು 15 ಗ್ರಾಂ. ಒಂದು ಹಲ್ಲನ್ನು ಒಳಗೆ ತಳ್ಳಲು ಅಷ್ಟೇ ಬೇಕು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ತುಂಬ ಮುಚ್ಚಿಕೊಂಡಿರುವವರಿಗೆ ಹೀಗೆ ಒಳಗೆ ಒತ್ತುವ ಕೆಲಸ ಬೀಳುತ್ತದೆ. ತಿರುಳಿಗೆ ಅತಿ ಕಷ್ಟದ ಕೆಲಸ ಇದೇ. ಬೇರಿನ ತುದಿ ನೇರವಾಗಿ ತನ್ನ ರಕ್ತನಾಳದ ಮೇಲೇ ಹೋಗಿ ಕೂರುತ್ತದಲ್ಲ. ನಿಮ್ಮ ಮಗುವಿಗೆ ಇದು ಇದೆ ಅಂತ ಡಾಕ್ಟರ್ ಹೇಳಿದರೆ, ಪೆಟ್ಟಿನ ವಿಷಯ ಇನ್ನೊಂದು ಸಲ ನೆನಪಿಸಿ.

ಎರಡು ಸಲ ತಂತಿ ಬಿಗಿಸುವ ನಡುವೆ ನಾಲ್ಕರಿಂದ ಆರು ವಾರ ಬಿಡುವುದು ಸುಮ್ನೆ ಅಲ್ಲ. ಆ ಬಿಡುವಿನಲ್ಲೇ ತಿರುಳು, ನಾರು, ಮೂಳೆ ಎಲ್ಲ ಸುಧಾರಿಸಿಕೊಳ್ಳುವುದು. ಕ್ಲಿಪ್‌ಗೆ ಸಿಕ್ಕಿಸಿಕೊಳ್ಳಲು ರಬ್ಬರ್ ಕೊಟ್ಟಿದ್ದರೆ ಹೇಳಿದಷ್ಟೇ ಹಾಕಿ. ನಿನ್ನೆ ಮರೆತೆ ಅಂತ ಇವತ್ತು ಎರಡು ಹಾಕಬೇಡಿ. ಮುಂದಿನ ಹಲ್ಲಿನ ಸಂದು ಮುಚ್ಚಲು ಯಾವುದೋ ವಿಡಿಯೊ ನೋಡಿ ಮನೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ಮಕ್ಕಳಿದ್ದಾರೆ. ಅಪ್ಪ ಅಮ್ಮ ದಯವಿಟ್ಟು ಇದನ್ನು ತಡೆಯಿರಿ. ಆ ರಬ್ಬರ್ ಒಸಡಿನ ಕೆಳಗೆ ಜಾರಿ, ಬೇರಿನ ಗುಂಟ ಮೇಲೇರಿ, ಸುತ್ತಲಿನ ಮೂಳೆಯನ್ನೇ ತಿಂದುಹಾಕುತ್ತದೆ. ಒಳ್ಳೆಯ ಎರಡು ಹಲ್ಲು ಕೈಗೆ ಬಂದುಬಿಡುತ್ತವೆ.

ಮನೆಯಲ್ಲಿ ಮಾಡಬೇಕಾದ ಕೆಲಸ ಒಂದೇ. ಪ್ರತಿ ತಿಂಗಳ ಒಂದನೇ ತಾರೀಖು, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಅದೇ ಕಿಟಕಿಯ ಹತ್ತಿರ ನಿಲ್ಲಿಸಿ ಮುಂದಿನ ಹಲ್ಲಿನ ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ. ಹಲ್ಲು ಒದ್ದೆ ಇರಲಿ, ಒಣಗಿದರೆ ಬಣ್ಣ ಬೇರೆಯೇ ಕಾಣುತ್ತದೆ. ಹೋದ ತಿಂಗಳ ಫೋಟೊ ಪಕ್ಕದಲ್ಲಿಟ್ಟು ನೋಡಿ. ದಿನಾ ನೋಡುವ ಕಣ್ಣಿಗೆ ಗೊತ್ತಾಗದ ಬದಲಾವಣೆ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಆ ಹುಡುಗನ ಮನೆಯಲ್ಲಿ ಇದನ್ನು ಮಾಡಿದ್ದರೆ, ನಾನು ಅವರಿಗೆ ಹೇಳಿಕೊಟ್ಟಿದ್ದರೆ, ಐದನೇ ತಿಂಗಳಿನಲ್ಲೇ ಗೊತ್ತಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅನುಮಾನ ಬಂದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ತುಟಿ ಎತ್ತಿ ಹಲ್ಲಿನ ಒಳಮಗ್ಗುಲಿನಿಂದ ಹೊರಕ್ಕೆ ಬೆಳಕು ಬೀಳುವಂತೆ ಹಿಡಿಯಲು ಪ್ರಯತ್ನಿಸಿ. ಚಿಕ್ಕ ಪೆನ್ ಟಾರ್ಚ್ ಇದ್ದರೆ ಇನ್ನೂ ಸುಲಭ. ಬದುಕಿರುವ ಹಲ್ಲು ಬೆಳಕನ್ನು ಒಂದೇ ಸಮ ಹಾಯಿಸುತ್ತದೆ. ಸತ್ತ ಹಲ್ಲು ಪಕ್ಕದ್ದಕ್ಕಿಂತ ಮಬ್ಬಾಗಿ ಕಾಣುತ್ತದೆ.

ಬಣ್ಣ ಬದಲಾಗಿದ್ದರೆ ಯಾವ ಬಣ್ಣ ಅಂತ ನೋಡಿ. ಹಳದಿಯ ಕಡೆಗೆ ಹೋಗಿದ್ದರೆ ಬಹುಮಟ್ಟಿಗೆ ಒಳಗೆ ಜಾಸ್ತಿ ಡೆಂಟಿನ್ ಕಟ್ಟಿಕೊಂಡಿದೆ ಅಂತ. ತಿರುಳು ಕಿರಿದಾಗಿದೆ, ಸತ್ತಿಲ್ಲ. ನೋವಿಲ್ಲದೆ, ಎಕ್ಸ್-ರೇಯಲ್ಲಿ ನೆರಳಿಲ್ಲದೆ ಇದ್ದರೆ ಇದಕ್ಕೆ ರೂಟ್ ಕೆನಾಲ್ ಬೇಕಾಗಿಲ್ಲ. ನೋಡುತ್ತಿದ್ದರೆ ಸಾಕು. ಗುಲಾಬಿ ಬಣ್ಣ ಕಂಡರೆ ಒಳಗೆ ರಕ್ತ ಸೋರಿರಬಹುದು, ಅಥವಾ ಹಲ್ಲು ಒಳಗಿನಿಂದ ಕರಗುತ್ತಿರಬಹುದು. ತಡಮಾಡದೆ ತೋರಿಸಿ. ಬೂದಿ ಬಣ್ಣ ಬಂದರೂ ಬೇಗ ತೋರಿಸಿ. ಆದರೆ ಬೂದಿ ಅಂದ ಕೂಡಲೇ ಸತ್ತೇಹೋಯಿತು ಅಂತಲೂ ಅಲ್ಲ. ಪೆಟ್ಟಾದ ಹೊಸದರಲ್ಲಿ ಬೂದಿಯಾದ ಹಲ್ಲು ಕೆಲವೊಮ್ಮೆ ತಿರುಗಿ ಬಿಳಿಯಾಗುವುದನ್ನು ನಾನೇ ನೋಡಿದ್ದೇನೆ. ಬೇರಿನ ಹತ್ತಿರ ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒತ್ತಿದರೆ ಕೀವು ಬಂದರೆ ಮಾತ್ರ ಅನುಮಾನ ಉಳಿಯುವುದಿಲ್ಲ.

ಆರು ತಿಂಗಳಿಗೆ ಒಂದು ಎಕ್ಸ್-ರೇ

ಕ್ಲಿಪ್ ಹಾಕಿ ಆರು ತಿಂಗಳಿಗೆ, ಅದರಲ್ಲೂ ಮೇಲಿನ ಮುಂದಿನ ನಾಲ್ಕು ಹಲ್ಲಿಗೆ, ಚಿಕ್ಕ ಎಕ್ಸ್-ರೇ ಕೇಳಿ. ಇದು ತಿರುಳಿಗಿಂತ ಬೇರಿನ ಸಲುವಾಗಿ. ಹಲ್ಲು ಸರಿಯುವಾಗ ಬೇರಿನ ತುದಿ ಒಂದಿಷ್ಟು ಸವೆಯುತ್ತದೆ. ಹೆಚ್ಚಿನವರಿಗೆ ಎರಡು ಮಿಲಿಮೀಟರ್ ಒಳಗೇ, ಅದರಿಂದ ಹಲ್ಲಿಗೆ ತೊಂದರೆ ಇಲ್ಲ. ಕೆಲವರಿಗೆ ಮಾತ್ರ ಬೇರಿನ ಮೂರನೇ ಒಂದು ಭಾಗದಷ್ಟು ಹೋಗಿಬಿಡುತ್ತದೆ. ಜಾಸ್ತಿ ಸವೆತ ಕಂಡರೆ ಎರಡು ಮೂರು ತಿಂಗಳು ಎಳೆತ ನಿಲ್ಲಿಸಿ ಸುಮ್ಮನೆ ಬಿಟ್ಟರೆ ಸವೆತ ನಿಲ್ಲುತ್ತದೆ. ಬೇರು ಸವೆದರೂ ತಿರುಳು ಸಾಮಾನ್ಯವಾಗಿ ಬದುಕಿಯೇ ಇರುತ್ತದೆ. ಎರಡೂ ಬೇರೆ ಬೇರೆ ವಿಷಯ. ಬೇರು ಸವೆದಿದೆ ಅಂತ ರೂಟ್ ಕೆನಾಲ್ ಮಾಡಿಸುವ ಅಗತ್ಯ ಇಲ್ಲ.

ಮನೆಗೇ ತರಿಸಿಕೊಳ್ಳುವ ಅಲೈನರ್ (ತಂತಿಯ ಬದಲು ಹಲ್ಲಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಅಚ್ಚು) ಬಗ್ಗೆ ಕೇಳುವವರಿಗೂ ನನ್ನ ಉತ್ತರ ಇದೇ. ಪಾರದರ್ಶಕ ಅಲೈನರ್ ಒಳ್ಳೆಯದೇ, ನಾನೂ ಕೊಡುತ್ತೇನೆ. ಆದರೆ ಎಕ್ಸ್-ರೇ ನೋಡದೆ, ಹಲ್ಲಿಗೆ ಬೆರಳು ತಾಗಿಸದೆ ಯಾರೇ ಹಲ್ಲು ಸರಿಸುತ್ತೇನೆ ಅಂದರೂ ಬೇಡ ಅನ್ನಿ.

ತಿರುಳು ಹೋಗಿಯೇಬಿಟ್ಟರೆ

ಮೊದಲು ಆ ಹಲ್ಲಿನ ಮೇಲಿನ ಎಳೆತ ನಿಲ್ಲಿಸಬೇಕು. ಇಡೀ ಕ್ಲಿಪ್ ತೆಗೆಯಬೇಕಾಗಿಲ್ಲ. ಆ ಒಂದು ಹಲ್ಲನ್ನು ತಂತಿಯಿಂದ ಬಿಡಿಸಿದರೆ ಸಾಕು. ರೂಟ್ ಕೆನಾಲ್ ಮಾಡಿಸಿ, ಬೇರಿನ ತುದಿಯ ನೆರಳು ಕಡಿಮೆಯಾಗುತ್ತಿದೆ ಅಂತ ಎಕ್ಸ್-ರೇಯಲ್ಲಿ ಕಂಡ ಮೇಲೆ ಮತ್ತೆ ಹಗುರವಾಗಿ ಎಳೆಯಲು ಶುರುಮಾಡಬಹುದು. ಆ ಹುಡುಗನಿಗೆ ಹಾಗೇ ಮಾಡಿದೆ. ರೂಟ್ ಕೆನಾಲ್ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಚಿಕಿತ್ಸೆ ಐದು ತಿಂಗಳು ಜಾಸ್ತಿ ಹಿಡಿಯಿತು. ಕೊನೆಗೆ ಹಲ್ಲಿನ ಒಳಗಿನಿಂದ ಬ್ಲೀಚ್ ಮಾಡಿದ ಮೇಲೆ ಬಣ್ಣ ಪಕ್ಕದ ಹಲ್ಲಿಗೆ ಹತ್ತಿರ ಬಂತು. ಬಿಸಿಲಲ್ಲಿ ನಿಂತು ನಕ್ಕರೆ ಅವರಜ್ಜಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು.

ತೆಗೆಯುವ ದಿನ

ಎಲ್ಲರೂ ಖುಷಿಯಲ್ಲಿರುವ ಈ ದಿನವೂ ತಿರುಳಿನ ಕಡೆ ಗಮನ ಇರಲಿ. ಕ್ಲಿಪ್ ಕಿತ್ತಮೇಲೆ ಹಲ್ಲಿಗೆ ಅಂಟಿದ ಗೋಂದನ್ನು ತಿರುಗುವ ಬರ್‌ನಿಂದ ಉಜ್ಜಿ ತೆಗೆಯುತ್ತಾರೆ. ಉಜ್ಜಿದರೆ ಬಿಸಿಯಾಗುತ್ತದೆ. 1965ರಲ್ಲಿ ಝಾಕ್ ಮತ್ತು ಕೋಹೆನ್ ಎಂಬುವರು ಕೋತಿಗಳ ಹಲ್ಲಿನ ಮೇಲೆ ಮಾಡಿದ ಪ್ರಯೋಗದಲ್ಲಿ, ತಿರುಳಿನ ಬಿಸಿ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು 15 ಶೇಕಡ ಹಲ್ಲುಗಳು ಚೇತರಿಸಿಕೊಳ್ಳಲಿಲ್ಲ. ನೀರು ಹಾಯಿಸುತ್ತ ಉಜ್ಜಿದರೆ ಗೋಂದು ಯಾವುದು, ಹಲ್ಲು ಯಾವುದು ಅಂತ ಕಾಣುವುದಿಲ್ಲ ಎಂದು ಎಷ್ಟೋ ಸಲ ನೀರಿಲ್ಲದೆ ಉಜ್ಜುತ್ತೇವೆ. ಅದಕ್ಕೆ ನಾನು ಒಂದೇ ಹಲ್ಲಿನ ಮೇಲೆ ನಿಲ್ಲುವುದಿಲ್ಲ. ಮೂರು ನಾಲ್ಕು ಸೆಕೆಂಡ್ ಉಜ್ಜಿ, ಗಾಳಿ ಹಾಯಿಸಿ, ಪಕ್ಕದ ಹಲ್ಲಿಗೆ ಹೋಗಿ, ಮತ್ತೆ ವಾಪಸ್ ಬರುತ್ತೇನೆ. ಮಗುವಿಗೆ ಮೊದಲೇ ಹೇಳಿರುತ್ತೇನೆ: "ಬಿಸಿ ಅನ್ನಿಸಿದ್ರೆ ಎಡಗೈ ಎತ್ತು ಪುಟ್ಟಾ, ತಕ್ಷಣ ನಿಲ್ಲಿಸ್ತೀನಿ." ನಿಮ್ಮ ಡಾಕ್ಟರ್ ಹೇಳದಿದ್ದರೂ ನೀವು ಕೈ ಎತ್ತಿ. ಸಹಿಸಿಕೊಂಡು ಕೂರಬೇಡಿ.

ತೆಗೆದ ಮೇಲೆ ಕೆಲವು ದಿನ ತಣ್ಣನೆಯದಕ್ಕೆ ಜುಂ ಅನ್ನುವುದು ಸಹಜ. ಎರಡು ವಾರ ಕಳೆದರೂ ಒಂದೇ ಹಲ್ಲು ಹಾಗೆ ಅನ್ನುತ್ತಿದ್ದರೆ ತೋರಿಸಿ. ಪೆಟ್ಟಾದ ಹಲ್ಲಿದ್ದವರು ಕ್ಲಿಪ್ ತೆಗೆದ ದಿನ ಒಂದು ಎಕ್ಸ್-ರೇ, ವರ್ಷ ಕಳೆದು ಇನ್ನೊಂದು ತೆಗೆಸಿ. ತಣ್ಣನೆ ಪರೀಕ್ಷೆಯೂ ಮತ್ತೊಂದು ಸಲ ಆಗಲಿ. ಮೊದಲ ದಿನದ ಚೀಟಿ, ಎಲ್ಲ ಎಕ್ಸ್-ರೇಗಳು, ತಿಂಗಳ ಫೋಟೊಗಳು ಒಂದು ಕವರಿನಲ್ಲಿ ಹಾಕಿ ಅಂಕಪಟ್ಟಿ ಇಡುವ ಜಾಗದಲ್ಲೇ ಇಡಿ. ನಿಮ್ಮ ಮಗು ಮುಂದೆ ಓದಲು ಮಂಗಳೂರಿಗೆ ಹೋಗಲಿ, ಕೆಲಸಕ್ಕೆ ಬೆಂಗಳೂರಿಗೆ ಹೋಗಲಿ, ಅಲ್ಲಿನ ಡಾಕ್ಟರಿಗೆ ಆ ಕವರ್ ಬಿಚ್ಚಿದ ಕೂಡಲೇ ಯಾವ ಹಲ್ಲನ್ನು ಮೊದಲು ನೋಡಬೇಕು ಅಂತ ಗೊತ್ತಾಗುತ್ತದೆ.